ಕಾಲಿಗೆ ಮೆತ್ತಿದ ಮಣ್ಣು ಕಾಣಲೇ ಇಲ್ಲ!

‘ಜಿಗಿಯುವ ಬಟನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ.’ ನನ್ನ ಮೊದಲ ಗೇಮ್‌ಗೆ ಬಂದ ಮೊದಲ ಅಭಿಪ್ರಾಯವಿದು. ಓದಿದ ಕೂಡಲೇ ಸಿಟ್ಟು ಬಂತು. ಎರಡು ರಾತ್ರಿ ನಿದ್ದೆಗೆಟ್ಟು ಮಾಡಿದ್ದ ಗೇಮ್ ಅದು.

ನಮ್ಮೂರು ರೋಣ ಭಾಗದ ಜಕ್ಕಲಿ. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿದ್ದಾಗ ಗೇಮ್ ಜಾಮ್‌ಗಳ ಬಗ್ಗೆ ಗೊತ್ತಾಯಿತು. ಕೊಟ್ಟ ವಿಷಯದ ಮೇಲೆ, ಕೊಟ್ಟ ಗಡುವಿನೊಳಗೆ ಗೇಮ್ ಮಾಡಬೇಕು. 2002ರಲ್ಲಿ ಶುರುವಾದ ಲುಡಮ್ ಡೇರ್, 2009ರಲ್ಲಿ ಶುರುವಾದ ಗ್ಲೋಬಲ್ ಗೇಮ್ ಜಾಮ್ ಇವುಗಳಲ್ಲಿ ಹೆಸರಾದವು. ನಾನು ಸೇರಿದ್ದು ಅಂಥದ್ದೇ ಒಂದು 48 ಗಂಟೆಯ ಜಾಮ್. ವಿಷಯ: ಭಾರ.

ನನಗೆ ನೆನಪಾದದ್ದು ಮಳೆಗಾಲದ ನಮ್ಮ ಎರೆ ಹೊಲ. ನಾಲ್ಕು ಹೆಜ್ಜೆ ಇಡುವುದರಲ್ಲಿ ಮಣ್ಣು ಮೆತ್ತಿ ಕಾಲು ಎತ್ತಲಾಗುವುದಿಲ್ಲ. ಅಪ್ಪನಿಗೆ ಬುತ್ತಿ ಒಯ್ಯುವ ಹುಡುಗ ಬದುವಿನಿಂದ ಬದುವಿಗೆ ಜಿಗಿಯಬೇಕು. ಕೆಸರಿಗೆ ಬಿದ್ದಷ್ಟೂ ಕಾಲು ಭಾರವಾಗಿ ಜಿಗಿತ ತಗ್ಗುತ್ತದೆ. ಕಲ್ಲಿಗೆ ಕಾಲು ತಿಕ್ಕಿದರೆ ಮತ್ತೆ ಹಗುರ. ಗೊಡೊ ಎಂಬ ಉಚಿತ ಎಂಜಿನ್‌ನಲ್ಲಿ ಮಾಡಿ ಕಳಿಸಿದೆ.

ಜಾಮ್‌ಗಳಲ್ಲಿ ಒಬ್ಬರ ಗೇಮ್ ಇನ್ನೊಬ್ಬರು ಆಡಿ ಅಭಿಪ್ರಾಯ ಹೇಳುತ್ತಾರೆ. ಹಲವರು ಎರಡು ದೂರು ಹೇಳಿದ್ದರು. ಬದುವಿನ ಅಂಚಿನಲ್ಲಿ ಬಟನ್ ಒತ್ತಿದರೂ ಹುಡುಗ ಬೀಳುತ್ತಾನೆ. ಜಿಗಿತ ಕಾರಣವಿಲ್ಲದೆ ಕಡಿಮೆಯಾಗುತ್ತದೆ. ‘ಸೂಚನೆ ಸರಿಯಾಗಿ ಓದಿ’ ಎಂದು ಎಲ್ಲರಿಗೂ ಉತ್ತರಿಸುತ್ತಾ ಹೋದೆ.

ಒಂದು ಸಂಜೆ ತಂಗಿಗೆ ಲ್ಯಾಪ್‌ಟಾಪ್ ಕೊಟ್ಟೆ. ಅವಳೂ ಅದೇ ಬದುವಿನಲ್ಲಿ ಮತ್ತೆ ಮತ್ತೆ ಬಿದ್ದಳು. ‘ಸ್ವಲ್ಪ ಮೊದಲ ಒತ್ತು, ಆ ಕಲ್ಲಿನ ಹತ್ರ ನಿಲ್ಲು’ ಎನ್ನತೊಡಗಿದೆ. ಅವಳು ತಿರುಗಿ, ‘ಅಣ್ಣಾ, ಆಡೋರ ಎಲ್ಲಾರ ಮನಿಗೂ ಹೋಗಿ ಬಾಜೂಕ ಕುಂತು ಹೇಳ್ತೀಯೇನು?’ ಎಂದಳು. ರೊಟ್ಟಿ ಬಡಿಯುತ್ತಿದ್ದ ಅವ್ವ ಇಣುಕಿ ನೋಡಿ, ‘ಅಲ್ಲೋ, ಕಾಲಿಗೆ ಮಣ್ಣು ಮೆತ್ತಿದ್ದು ಕಾಣವಲ್ದಲ್ಲ!’ ಎಂದಳು.

ಹೌದು, ಕಾಣುತ್ತಿರಲಿಲ್ಲ. ಲೆಕ್ಕ ಕೋಡ್‌ನೊಳಗಿತ್ತು, ತೆರೆಯ ಮೇಲಿರಲಿಲ್ಲ. ಆಡಿದವರು ಅದನ್ನು ದೋಷ ಎಂದುಕೊಂಡದ್ದು ಅವರ ತಪ್ಪಾಗಿರಲಿಲ್ಲ.

ಮರುದಿನ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿದೆ: ಆಟಗಾರ ಎಲ್ಲಿ ಸಿಕ್ಕಿಬಿದ್ದ, ಪರಿಹಾರವಾಗಿ ಏನು ಕೇಳಿದ. ಮೊದಲ ಕಾಲಂ ಬಹುತೇಕ ಯಾವಾಗಲೂ ನಿಜ. ಎರಡನೆಯದನ್ನು ನಾವೇ ಯೋಚಿಸಬೇಕು. ‘ಬೇಸರ ಬರುತ್ತದೆ, ಬಂದೂಕು ಕೊಡಿ’ ಎಂದಿದ್ದರು ಒಬ್ಬರು. ಬುತ್ತಿ ಒಯ್ಯುವವನಿಗೆ ಬಂದೂಕೇಕೆ? ಆದರೆ ಬೇಸರ ನಿಜವಿತ್ತು. ಮೂರನೇ ಹಂತ ವಿಪರೀತ ಉದ್ದವಾಗಿತ್ತು. ಅರ್ಧ ಕತ್ತರಿಸಿದೆ.

ಅಂಚಿನ ಸಮಸ್ಯೆಗೆ ಹಳೆಯ ಪರಿಹಾರವೊಂದಿದೆ, ಹೆಸರು ‘ಕಾಯೋಟಿ ಟೈಮ್’. ಕಾರ್ಟೂನಿನ ಕಾಯೋಟಿ ಬಂಡೆ ದಾಟಿದ ಮೇಲೂ ಕ್ಷಣಕಾಲ ಗಾಳಿಯಲ್ಲಿ ನಿಲ್ಲುವಂತೆ, ಅಂಚು ದಾಟಿದ ಮೇಲೂ ಜಿಗಿಯಲು ಚೂರು ಸಮಯ ಕೊಡುವುದು. 2018ರಲ್ಲಿ ಬಂದ ಪ್ರಸಿದ್ಧ ಗೇಮ್ ‘ಸೆಲೆಸ್ಟ್’ನಲ್ಲೂ ಇದಿದೆ. ಅದೂ 2015ರಲ್ಲಿ ನಾಲ್ಕೇ ದಿನದಲ್ಲಿ ಮಾಡಿದ ಪುಟ್ಟ ಆಟವಾಗಿ ಹುಟ್ಟಿದ್ದು. ನಾನು 0.1 ಸೆಕೆಂಡ್ ಕೊಟ್ಟೆ, ಅಂದರೆ ಸೆಕೆಂಡಿಗೆ 60 ಫ್ರೇಮ್‌ಗಳಲ್ಲಿ ಆರು. ಕಾಲಿನ ಕೆಳಗೆ ಪದರ ಪದರವಾಗಿ ಮಣ್ಣು ಬರೆದೆ. ಆಮೇಲೆ ‘ಬಟನ್ ಕೆಟ್ಟಿದೆ’ ಎಂದು ಯಾರೂ ಬರೆಯಲಿಲ್ಲ. ‘ಇಂಥ ಮಣ್ಣು ನಿಜವಾಗಿಯೂ ಇದೆಯಾ?’ ಎಂದು ಒಬ್ಬರು ಕೇಳಿದರು.

ಮೊನ್ನೆ ಬೆಂಗಳೂರಿನ ಕಂಪನಿಯೊಂದರ ಸಂದರ್ಶನದಲ್ಲಿ ಗೇಮ್ ತೋರಿಸಿದೆ. ‘ಆಡಿದವರು ಏನಂದರು, ನೀವೇನು ಬದಲಿಸಿದಿರಿ?’ ಎಂದೇ ಹೆಚ್ಚು ಕೇಳಿದರು. ನೋಟ್‌ಬುಕ್ ತೆರೆದು ಹೇಳಿದೆ. ಕೆಲಸ ಸಿಗಲಿಲ್ಲ, ಸಿ ಪ್ಲಸ್ ಪ್ಲಸ್ ಸಾಲದು ಎಂದರು. ಆ ಮಾತನ್ನೂ ಮೊದಲ ಕಾಲಂನಲ್ಲೇ ಬರೆದುಕೊಂಡೆ, ಈಗ ಕಲಿಯುತ್ತಿದ್ದೇನೆ.

ಮುಂದಿನ ಜಾಮ್‌ಗೆ ತಂಗಿ ಕಾಯುತ್ತಿದ್ದಾಳೆ. ಅವಳು ಆಡುವಾಗ ಬಾಯಿ ಮುಚ್ಚಿಕೊಂಡು ಕೂರುವುದನ್ನೂ ಕಲಿಯುತ್ತಿದ್ದೇನೆ.