ಹೆಚ್ಚು ಹೋದರೆ ರಾಬರಿಯೇ?

ಒಂದು ಚೀಲ ತೊಗರಿ ಹೋದರೆ ‘ಥೆಫ್ಟ್’, ಗೋದಾಮೇ ಬರಿದಾದರೆ ‘ರಾಬರಿ’, ಅದಕ್ಕೂ ಮಿಕ್ಕಿದ್ದು ‘ಡಕಾಯಿತಿ’: ಹೀಗೆ ಹೋದ ಮಾಲಿನ ಬೆಲೆ ನೋಡಿ ಅಪರಾಧಕ್ಕೆ ಹೆಸರಿಡುವವರು ಬಹಳ. ಕಾನೂನು ಚೀಲ ಎಣಿಸುವುದಿಲ್ಲ. ಕರಣಕೋಟದಲ್ಲಿ ಯಾರೂ ಇಲ್ಲದ ವೇಳೆ ಗೋದಾಮಿನಿಂದ ನೂರು ಚೀಲ ಸಾಗಿಸಿದರೂ ಅದು ರಾಬರಿಯಲ್ಲ. ತಾಂಡೂರು ರಸ್ತೆಯಲ್ಲಿ ಒಬ್ಬನಿಗೆ ಚಾಕು ತೋರಿಸಿ ಐವತ್ತು ರೂಪಾಯಿ ಕಿತ್ತುಕೊಂಡರೆ ರಾಬರಿಯೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಂತೆ, ಇನ್ನೊಬ್ಬರ ವಶದಲ್ಲಿರುವ ಚರಸ್ವತ್ತನ್ನು ಒಪ್ಪಿಗೆಯಿಲ್ಲದೆ ಲಪಟಾಯಿಸಲು ಕದಲಿಸಿದರೆ ಸಾಕು, ಕಳವು. ನೆಲದೊಳಗಿನ ಸುಣ್ಣದಕಲ್ಲು ಚರಸ್ವತ್ತಲ್ಲ, ಆದರೆ ಅಗೆದು ತೆಗೆದ ಗಳಿಗೆಯಿಂದ ಅದನ್ನೂ ಕದಿಯಬಹುದು. ಕದಿಯುವಾಗಲೋ ಮಾಲು ಹೊತ್ತೊಯ್ಯುವಾಗಲೋ ಹೊಡೆದರೆ, ತಕ್ಷಣದ ಪ್ರಾಣಭಯ ಒಡ್ಡಿದರೆ ಕಳವು ರಾಬರಿಯಾಗುತ್ತದೆ. ಶಿಕ್ಷೆ ಹತ್ತು ವರ್ಷದವರೆಗೆ, ಹೆದ್ದಾರಿಯಲ್ಲಿ ಹೊತ್ತು ಮುಳುಗಿದ ಮೇಲೆ ನಡೆದರೆ ಹದಿನಾಲ್ಕರವರೆಗೆ. ಅದನ್ನೇ ಐದು ಅಥವಾ ಹೆಚ್ಚು ಜನ ಕೂಡಿ ಮಾಡಿದರೆ, ಬರೀ ಯತ್ನಿಸಿದರೂ, ಡಕಾಯಿತಿ. ಕುದುರೆ, ಬಂದೂಕು, ಮೀಸೆ ಎಲ್ಲ ಸಿನಿಮಾದವು.

ಬರ್ಗ್ಲರಿಗೆ ನಮ್ಮಲ್ಲಿ ಒಳ್ಳೆಯ ಮಾತೇ ಇದೆ: ಕನ್ನಗಳವು. ಇಲ್ಲಿ ಮುಖ್ಯವಾದುದು ಒಳಹೊಕ್ಕ ಬಗೆ. ಇಂಗ್ಲೆಂಡಿನ 1968ರ ಕಾಯ್ದೆಯಲ್ಲಿ ಕದಿಯುವ ಉದ್ದೇಶದಿಂದ ಕಟ್ಟಡಕ್ಕೆ ಅತಿಕ್ರಮವಾಗಿ ನುಗ್ಗಿದವನು ಬರಿಗೈಲಿ ಮರಳಿದರೂ ಬರ್ಗ್ಲರಿಯೇ. ನಮ್ಮ ಸಂಹಿತೆ ಆ ಹೆಸರಿನ ಅಪರಾಧವನ್ನೇ ಹೇಳದೆ, ಮನೆ ಮುರಿದು ನುಗ್ಗುವುದನ್ನೂ ಕಳವನ್ನೂ ಬೇರೆ ಬೇರೆ ಕಲಮುಗಳಲ್ಲಿ ಇಟ್ಟಿದೆ.

ಬೆಲೆಗೆ ಲೆಕ್ಕವೇ ಇಲ್ಲವೇ ಎಂದು ಕೇಳಬಹುದು. ಉಂಟು, ಆದರೆ ಶಿಕ್ಷೆಯಲ್ಲಿ: ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯದನ್ನು ಮೊದಲ ಸಲ ಕದ್ದವನು ಅದನ್ನು ಮರಳಿಸಿದರೆ ಸಮುದಾಯ ಸೇವೆಯ ಶಿಕ್ಷೆ. ಅಪರಾಧದ ಹೆಸರು ಮಾತ್ರ ಕಳವೇ. ಹೋದದ್ದು ಹೋಯಿತು, ಹೆಸರು ಯಾವುದಾದರೇನು ಎಂಬ ತಕರಾರು ಈ ಬೆಲೆಯ ಪ್ರಶ್ನೆಗಿಂತ ಗಟ್ಟಿಯಾಗಿ ಕಾಣುತ್ತದೆ. ವಿಮೆಯ ಮುಂದೆ ಅದು ನಿಲ್ಲದು. ಬಲಪ್ರಯೋಗದಿಂದ ಒಳನುಗ್ಗಿದ್ದರಷ್ಟೇ ಬರ್ಗ್ಲರಿ ಎಂದು ಪಾಲಿಸಿಯಲ್ಲಿ ಬರೆದಿದ್ದರೆ, ಬೀಗ ಮುರಿಯದೆ ಹೋದ ಮಾಲಿಗೆ ಪರಿಹಾರವಿಲ್ಲ ಎಂದು 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ದೂರು ಬರೆಯುವಾಗ ಭಾರೀ ಪದ ಹುಡುಕಬೇಡಿ. ಬೀಗ ಮುರಿದಿತ್ತೇ, ಎಷ್ಟು ಜನರಿದ್ದರು, ಯಾವ ಹೊತ್ತು, ಯಾರನ್ನಾದರೂ ಹೊಡೆದರೇ ಹೆದರಿಸಿದರೇ, ಇಷ್ಟನ್ನು ನಡೆದಂತೆ ಬರೆಯಿರಿ. ಕಲಮು ಹಾಕುವುದು ಠಾಣೆಯವರ ಕೆಲಸ.