ವಯಲಾರ್: ಮಾತು ಮೊದಲು, ಮಟ್ಟು ಆಮೇಲೆ

ವಯಲಾರ್ ಊರಿನ ಹೆಸರು, ಕವಿಯ ಹೆಸರು ರಾಮವರ್ಮ. ಆದರೂ ಕೇರಳದಲ್ಲಿ ‘ವಯಲಾರ್ ಹಾಡು’ ಎಂದರೆ ಅದು ಆ ಊರಿನ ಜಾನಪದ ಗೀತೆ ಎಂದು ಯಾರೂ ತಿಳಿಯುವುದಿಲ್ಲ. ಆಲಪ್ಪುಳ ಜಿಲ್ಲೆಯ ಚೇರ್ತಲದ ಬಳಿ ಹಿನ್ನೀರಿನ ಸೀಮೆಯಲ್ಲಿರುವ ಈ ಹಳ್ಳಿಯ ರಾಘವಪರಂಬಿಲ್ ಮನೆತನದಲ್ಲಿ 1928ರ ಮಾರ್ಚ್ 25ರಂದು ರಾಮವರ್ಮ ಹುಟ್ಟಿದರು. ತಾಯಿ ಅಂಬಾಲಿಕ ತಂಬುರಾಟ್ಟಿ, ತಂದೆ ವೆಳ್ಳಾರಪ್ಪಳ್ಳಿ ಕೇರಳವರ್ಮ. ಮಗ ಇನ್ನೂ ಎಳೆಯನಿದ್ದಾಗಲೇ ತಂದೆ ತೀರಿಕೊಂಡರು. ಶಾಲೆಯ ಓದಿನ ಜೊತೆಗೆ ಗುರುಕುಲದ ರೀತಿಯಲ್ಲಿ ಸಂಸ್ಕೃತವನ್ನೂ ಕಲಿತರು. ಮುಂದೆ ಸಿನಿಮಾ ಹಾಡಿನೊಳಗೆ ಕಾಳಿದಾಸನ ನಾಯಕಿಯರು ಸಲೀಸಾಗಿ ಓಡಾಡಲು ಈ ಸಂಸ್ಕೃತದ ಓದೇ ಕಾರಣ.

ಅದೇ ಊರಿಗೆ ಇನ್ನೊಂದು ಚರಿತ್ರೆಯೂ ಇದೆ. ತಿರುವಾಂಕೂರಿನ ದಿವಾನ ಸಿ.ಪಿ. ರಾಮಸ್ವಾಮಿ ಅಯ್ಯರ್ ಆಡಳಿತದ ವಿರುದ್ಧ ತೆಂಗಿನ ನಾರಿನ ಕೆಲಸಗಾರರು, ಬೆಸ್ತರು, ಕೃಷಿ ಕೂಲಿಗಳು ಎದ್ದು ನಿಂತ ಪುನ್ನಪ್ರ–ವಯಲಾರ್ ಹೋರಾಟದಲ್ಲಿ 1946ರ ಅಕ್ಟೋಬರ್ 27ರಂದು ಸೈನ್ಯ ಗುಂಡು ಹಾರಿಸಿದ್ದು ಇಲ್ಲಿಯೇ. ಆಗ ರಾಮವರ್ಮರಿಗೆ ಹದಿನೆಂಟು ವರ್ಷ. ತಂಬುರಾನ್, ಅಂದರೆ ಒಡೆಯರ, ಮನೆತನದ ಹುಡುಗ ಎಡಪಂಥದ ಕವಿಯಾದದ್ದು ಹೇಗೆ ಎಂದು ಕೇಳುವವರಿಗೆ ಈ ತಾರೀಖನ್ನು ತೋರಿಸಿದರೆ ಅರ್ಧ ಉತ್ತರ ಕೊಟ್ಟಂತೆ. (ಕಾಕತಾಳೀಯವೆಂದರೆ ಕವಿ ತೀರಿಕೊಂಡದ್ದೂ ಅಕ್ಟೋಬರ್ 27ರಂದೇ, 1975ರಲ್ಲಿ. ಆಗ ವಯಸ್ಸು 47 ಮಾತ್ರ.)

ಕವನ ಸಂಕಲನಗಳನ್ನು ಬೇಗ ಬೇಗ ಹೇಳಿಬಿಡುತ್ತೇನೆ. ಮೊದಲನೆಯದು ‘ಪಾದಮುದ್ರಕಳ್’, 1948ರಲ್ಲಿ ಬಂತು. ಆಗಿನ ಎಲ್ಲ ಎಳೆಯ ಮಲಯಾಳಂ ಕವಿಗಳಂತೆ ಇವರ ಮೇಲೂ ಚಙ್ಙಂಪುಳ ಕೃಷ್ಣ ಪಿಳ್ಳೆಯವರ ಗುಂಗು ಇತ್ತು. ‘ಕೊಂತಯುಂ ಪೂಣೂಲುಂ’ ಬರುವ ಹೊತ್ತಿಗೆ ದನಿ ಬದಲಾಯಿತು. ಆಮೇಲೆ ‘ಎನಿಕ್ಕು ಮರಣಮಿಲ್ಲ’, ‘ಮುಳಙ್ಕಾಡು’, ಕೇರಳ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಸರ್ಗಸಂಗೀತಂ’. ಇವುಗಳಲ್ಲಿ ಬಡ ಮುಸ್ಲಿಂ ಹೆಣ್ಣುಮಗಳೊಬ್ಬಳ ಬಾಳನ್ನು ಹೇಳುವ ನೀಳ್ಗವನ ‘ಆಯಿಷಾ’ದ ಬಳಿ ಸ್ವಲ್ಪ ನಿಲ್ಲಬೇಕು. ನಮ್ಮ ಹರಿಕಥೆಗೆ ಹತ್ತಿರದ, ಆದರೆ ದೇವರ ಕಥೆಯೇ ಆಗಬೇಕೆಂಬ ಕಟ್ಟುಪಾಡಿಲ್ಲದ ಕಥಾಪ್ರಸಂಗಂ ಎಂಬ ಕಲೆ ಕೇರಳದಲ್ಲಿದೆ. ಅದರ ದೊಡ್ಡ ಹೆಸರು ವಿ. ಸಾಂಬಶಿವನ್. ಅವರು ‘ಆಯಿಷಾ’ವನ್ನು ಉತ್ಸವದ ಬಯಲುಗಳಿಗೆ ಒಯ್ದರು. ಪುಸ್ತಕ ಮುಟ್ಟದವರೂ ಕವಿಯನ್ನು ಕಿವಿಯಿಂದ ಓದಿದರು. ಸಿನಿಮಾಕ್ಕೆ ಬಂದ ಮೇಲಷ್ಟೇ ವಯಲಾರ್ ಜನರ ಕಿವಿಗೆ ಬಿದ್ದರು ಎಂಬ ಮಾತು ಹಾಗಾಗಿ ಪೂರ್ತಿ ಸರಿಯಲ್ಲ.

ಇನ್ನು ಸಿನಿಮಾ. ಮೊದಲ ಮಲಯಾಳಂ ವಾಕ್ಚಿತ್ರ ‘ಬಾಲನ್’ ಬಂದದ್ದು 1938ರಲ್ಲಿ. ಅಲ್ಲಿಂದ ಹದಿನೈದು ವರ್ಷಗಳ ಕಾಲ ಮಲಯಾಳಂ ಹಾಡು ಹುಟ್ಟುತ್ತಿದ್ದ ಬಗೆ ಕನ್ನಡಿಗರಿಗೂ ಗೊತ್ತಿರುವಂಥದ್ದೇ. ಹಿಂದಿಯ ಇಲ್ಲವೇ ತಮಿಳಿನ ಜನಪ್ರಿಯ ಮಟ್ಟನ್ನು ತರುವುದು, ಅದಕ್ಕೆ ಮಲಯಾಳಂ ಅಕ್ಷರಗಳನ್ನು ತುಂಬುವುದು. ಈ ಬೇಲಿಯನ್ನು ಮುರಿದದ್ದು 1954ರ ‘ನೀಲಕ್ಕುಯಿಲ್’. ಪಿ. ಭಾಸ್ಕರನ್ ಬರೆದು ಕೆ. ರಾಘವನ್ ಸ್ವರ ಹಾಕಿದ ಆ ಹಾಡುಗಳಲ್ಲಿ ಕೇರಳದ ಮಣ್ಣಿನ ಧಾಟಿಗಳು ಕೇಳಿಸಿದವು. ಎರಡು ವರ್ಷದ ಬಳಿಕ, 1956ರಲ್ಲಿ, ‘ಕೂಡಪ್ಪಿರಪ್ಪು’ ಚಿತ್ರಕ್ಕೆ ವಯಲಾರ್ ಬರೆದರು. ಅಲ್ಲಿಯೂ ಸಂಗೀತ ರಾಘವನ್ ಅವರದ್ದೇ. 1957ರಲ್ಲಿ, ಮೊದಲ ಸ್ವಾತಂತ್ರ್ಯ ಸಂಗ್ರಾಮದ ನೂರನೇ ವರ್ಷಕ್ಕೆ, ತಿರುವನಂತಪುರದ ಪಾಳಯದಲ್ಲಿ ಹುತಾತ್ಮರ ಸ್ಮಾರಕವನ್ನು ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಉದ್ಘಾಟಿಸಿದರು. ಆ ಸಂದರ್ಭಕ್ಕೆಂದು ವಯಲಾರ್ ಬರೆದ ಮೇಳಗೀತೆಗೆ ಸ್ವರ ಹಾಕಿದವರು ಕೊಲ್ಲಂ ಕಡೆಯ ಪರವೂರಿನ ಜಿ. ದೇವರಾಜನ್. 1959ರ ‘ಚದುರಂಗಂ’ನಿಂದ ಈ ಜೋಡಿ ಸಿನಿಮಾದಲ್ಲೂ ಕೂಡಿತು. ನೂರಕ್ಕೂ ಹೆಚ್ಚು ಚಿತ್ರಗಳು, ಅವುಗಳಲ್ಲಿ ಬಹುಪಾಲಿಗೆ ಯೇಸುದಾಸ್ ಮತ್ತು ಪಿ. ಸುಶೀಲ ಅವರ ಕಂಠ.

ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿ ಇಲ್ಲಿದೆ. ಈ ವಿಷಯ ಮಾತಾಡಿದಲ್ಲೆಲ್ಲ ಯಾರಾದರೊಬ್ಬರು ಎದ್ದು ನಿಂತು, “ಸಿನಿಮಾದಲ್ಲಿ ಟ್ಯೂನ್ ಮೊದಲಲ್ಲವೇ? ಕವಿಗೆ ಅಲ್ಲೇನು ಕೆಲಸ?” ಎಂದು ಕೇಳುತ್ತಾರೆ. ದೇವರಾಜನ್ ಪದ್ಧತಿ ತಿರುಗುಮುರುಗು. ಕವಿ ಬರೆದು ಕೊಟ್ಟ ಸಾಲು ಮೊದಲು, ಸ್ವರ ಆಮೇಲೆ. ನಮ್ಮಲ್ಲಿ ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಬರೆದಿಟ್ಟ ಕವಿತೆಗಳಿಗೆ ಮಟ್ಟು ಹಾಕಿ ಭಾವಗೀತೆಯನ್ನು ಬೆಳೆಸಿದರಲ್ಲ, ಅದೇ ಕೆಲಸ ಕೇರಳದಲ್ಲಿ ಸಿನಿಮಾದ ಒಳಗೇ ನಡೆಯಿತು. ಇದರಿಂದ ಆಗುವ ವ್ಯತ್ಯಾಸ ಕಿವಿಗೆ ಗೊತ್ತಾಗಬೇಕಾದರೆ ಸ್ವಲ್ಪ ಮಾತ್ರೆ ಎಣಿಸಬೇಕು. ಹೆದರಬೇಡಿ, ಶಾಲೆಯಲ್ಲಿ ಹಾಕಿದ ಪ್ರಸ್ತಾರದಷ್ಟೇ ಸಾಕು.

ಮಲಯಾಳಂನಲ್ಲಿ ಕಾಕಳಿ ಎಂಬ ವೃತ್ತವಿದೆ. ಹಳೆಯ ಕವಿ ಎಳುತ್ತಚ್ಛನ್ ಕಾಲದಿಂದ, ಗಿಳಿ ಹೇಳಿದಂತೆ ಬರೆಯುವ ಕಿಳಿಪ್ಪಾಟ್ಟು ಕಾವ್ಯಗಳಲ್ಲಿ ಓಡಾಡಿದ ನಡೆ ಇದು. ಮೂರಕ್ಷರ, ಐದು ಮಾತ್ರೆಯ ಗಣ. ಅಂಥವು ಸಾಲಿಗೆ ನಾಲ್ಕು. ಕನ್ನಡದವರಿಗೆ ಈ ಐದರ ನಡೆ ಹೊಸತೇನಲ್ಲ. ಲಕ್ಷ್ಮೀಶನ ವಾರ್ಧಕ ಷಟ್ಪದಿ ಓಡುವುದು ಇದೇ ಐದು ಮಾತ್ರೆಯ ಮೇಲೆ. ಅಳತೆ ತೋರಿಸಲು ಒಂದು ಸಾಲು ಹೊಸೆಯುತ್ತೇನೆ, ಕಾವ್ಯವೆಂದು ಯಾರೂ ತಿಳಿಯಬಾರದು: ‘ಹಿನ್ನೀರ ದಂಡೇಲಿ ತೆಂಗೊಂದು ನಿಂತಿತ್ತು’. ಪ್ರತಿ ತುಂಡೂ ಗುರು, ಗುರು, ಲಘು, ಒಟ್ಟು ಐದು. ಇದನ್ನು ಗಟ್ಟಿಯಾಗಿ ನಾಲ್ಕು ಸಲ ಓದಿ. ಕೈ ತಾನಾಗಿ ಖಂಡ ನಡೆಯಲ್ಲಿ ತಟ್ಟುತ್ತದೆ. ಮಟ್ಟು ಹಾಕುವವನಿಗೆ ತಾಳ ಹುಡುಕುವ ಕೆಲಸವೇ ಉಳಿದಿಲ್ಲ, ಸಾಲಿನೊಳಗೇ ಇದೆ. ಅವನು ರಾಗ ಆರಿಸಬೇಕು, ಎಲ್ಲಿ ಏರಬೇಕು ಎಲ್ಲಿ ಇಳಿಯಬೇಕು ಎಂದು ತೀರ್ಮಾನಿಸಬೇಕು.

ಈಗ ಉಲ್ಟಾ ಮಾಡೋಣ. ಏಳು ಮಾತ್ರೆಯ ಮಟ್ಟು ಮೊದಲೇ ಸಿದ್ಧವಾಗಿದೆ, ನಾಲ್ಕು ಮತ್ತು ಮೂರು ಎಂದು ಒಡೆಯುತ್ತದೆ ಎಂದಿಟ್ಟುಕೊಳ್ಳಿ. ಅದೇ ಸಾಲನ್ನು ಅದರೊಳಗೆ ತುರುಕಿದರೆ ‘ಹಿನ್ನೀ’ ಒಂದು ಕಡೆ, ‘ರದಂ’ ಇನ್ನೊಂದು ಕಡೆ ಬೀಳುತ್ತದೆ. ‘ರದಂ’ ಎಂದರೆ ಏನು? ಏನೂ ಇಲ್ಲ. ಹಾಡು ಕೇಳುವಾಗ ಪದ ತಿಳಿಯುತ್ತಿಲ್ಲ ಎಂದು ನಾವು ಗಾಯಕರನ್ನು ಬೈಯುತ್ತೇವೆ; ತಪ್ಪು ಎಷ್ಟೋ ಸಲ ಗಂಟಲಿನದ್ದಲ್ಲ, ಈ ಒಡಕಿನದ್ದು. ಹಾಗಾಗದಂತೆ ಬರೆಯಬೇಕಾದರೆ ಕವಿ ಸಾಲನ್ನೇ ಕೈಬಿಟ್ಟು ನಾಲ್ಕು ಮಾತ್ರೆಯ ಪದ, ಮೂರು ಮಾತ್ರೆಯ ಪದ ಎಂದು ಹುಡುಕಿಕೊಂಡು ಹೋಗಬೇಕು. ಹುಡುಕುವಾಗ ಅರ್ಥ ಎರಡನೆಯ ಜಾಗಕ್ಕೆ ಸರಿಯುತ್ತದೆ.

ಮಲಯಾಳಂಗೆ ಇನ್ನೊಂದು ತೊಡಕೂ ಇದೆ. ಕನ್ನಡದ ಪದ ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತದೆ. ಮಲಯಾಳಂನಲ್ಲಿ ಎಷ್ಟೋ ಪದ ವ್ಯಂಜನದಲ್ಲೇ ನಿಲ್ಲುತ್ತದೆ. ನಾವು ‘ಕಡಲಲ್ಲಿ’ ಎಂದರೆ ಅವರು ‘ಕಡಲಿಲ್’ ಎನ್ನುತ್ತಾರೆ. ಮಟ್ಟಿನ ಕೊನೆಯಲ್ಲಿ ಉದ್ದನೆಯ ಸ್ವರ ಬಂದರೆ ನಮ್ಮ ಗಾಯಕ ‘ಲ್ಲೀ...’ ಎಂದು ಎಳೆಯಬಹುದು, ‘ಲ್’ ಎಳೆಯಲು ಬರುವುದಿಲ್ಲ. ಹಾಗಾಗಿ ಮಟ್ಟಿಗೆ ಬರೆಯುವ ಮಲಯಾಳಂ ಕವಿ ಸಂಬೋಧನೆಯ ‘ಏ’ಕಾರವನ್ನೋ ಇನ್ಯಾವುದಾದರೂ ದೀರ್ಘವನ್ನೋ ಆ ಜಾಗಕ್ಕೆ ತಂದಿಡಬೇಕು. ಮಲಯಾಳಂ ಹಾಡಿನಲ್ಲಿ ನದಿ, ಹೂವು, ಹಕ್ಕಿಗಳನ್ನು ಇಷ್ಟೊಂದು ಕೂಗಿ ಕರೆಯುವುದೇಕೆ ಎಂದು ಕೇಳಿದರೆ, ಕಾವ್ಯಸಂಪ್ರದಾಯದ ಜೊತೆಗೆ ಈ ದೀರ್ಘದ ಅನುಕೂಲವೂ ಒಂದು ಕಾರಣವೆಂದೇ ನಾನು ಹೇಳುವುದು.

ಹಾಗಾದರೆ ವಯಲಾರ್ ಮಟ್ಟಿಗೆ ಬರೆಯಲೇ ಇಲ್ಲವೇ? ಬರೆದರು, ಅದೂ ತಮ್ಮ ಅತ್ಯಂತ ಹೆಸರಾದ ಚಿತ್ರಕ್ಕೆ. ಮಲಯಾಳಂ ಕಾದಂಬರಿಕಾರ ತಕಳಿಯವರ ‘ಚೆಮ್ಮೀನ್’ ಕಾದಂಬರಿಯನ್ನು ರಾಮು ಕಾರ್ಯಾಟ್ 1965ರಲ್ಲಿ ಅದೇ ಹೆಸರಿನಲ್ಲಿ ಚಿತ್ರ ಮಾಡಿದಾಗ ಸಂಗೀತಕ್ಕೆ ಬಂದವರು ಬಂಗಾಳದ ಸಲಿಲ್ ಚೌಧರಿ. (ಮುಂದೆ ಕನ್ನಡದ ‘ಕೋಕಿಲ’ಕ್ಕೆ ಸಂಗೀತ ಕೊಟ್ಟವರೂ ಇವರೇ.) ಸಲಿಲ್ ಮಲಯಾಳಂ ಬಲ್ಲವರಲ್ಲ, ಮಟ್ಟು ಮೊದಲು ಕಟ್ಟುವವರು. ಅವರ ಮಟ್ಟುಗಳು ನೇರ ದಾರಿಯಲ್ಲಿ ನಡೆಯುವುದಿಲ್ಲ, ಅನಿರೀಕ್ಷಿತ ತಿರುವುಗಳಲ್ಲಿ ಹೊರಳುತ್ತವೆ. ಆ ತಿರುವುಗಳೊಳಗೆ ವಯಲಾರ್ ಬೆಸ್ತರ ಕೇರಿಯ ಮಾತನ್ನು ಎಲ್ಲಿಯೂ ಒಡೆಯದೆ ಕೂರಿಸಿದರು. ಸಂಸ್ಕೃತದ ಸಮಾಸಗಳನ್ನು ಬದಿಗಿಟ್ಟು ಸಣ್ಣ ಪದಗಳನ್ನು ಆರಿಸಿಕೊಂಡರು. ಒಂದು ಹಾಡನ್ನಂತೂ ಮನ್ನಾಡೇ ಹಾಡಿದರು. ಉಚ್ಚಾರದಲ್ಲಿ ಬಂಗಾಳಿಯ ಸೊಗಡು ಇದ್ದರೂ ಕೇರಳ ಅದನ್ನು ತನ್ನದಾಗಿ ಮಾಡಿಕೊಂಡಿತು. ದಕ್ಷಿಣ ಭಾರತದ ಚಿತ್ರವೊಂದಕ್ಕೆ ರಾಷ್ಟ್ರಪತಿಗಳ ಚಿನ್ನದ ಪದಕ ಬಂದದ್ದು ‘ಚೆಮ್ಮೀನ್’ನಿಂದಲೇ ಮೊದಲು. ಛಂದಸ್ಸು ಕೈವಶವಾದವನಿಗೆ ಎರಡು ದಾರಿಯೂ ತೆರೆದಿರುತ್ತವೆ, ಮಟ್ಟನ್ನೇ ನಂಬಿಕೊಂಡವನಿಗೆ ಒಂದೇ.

ಮಟ್ಟಿನ ಪ್ರಶ್ನೆ ಒಂದಾದರೆ, ಎರಡನೆಯ ತಪ್ಪು ತಿಳಿವಳಿಕೆ ನಂಬಿಕೆಯದ್ದು. 1969ರ ‘ನದಿ’ ಚಿತ್ರದಲ್ಲಿ ಕನ್ಯಾಮರಿಯಳಿಗೆ ಸಲ್ಲುವ ಪ್ರಾರ್ಥನೆಯಿದೆ. ಅದೇ ವರ್ಷದ ‘ಅಡಿಮಗಳ್’ ಚಿತ್ರದಲ್ಲಿ ಸುಶೀಲ ಹಾಡಿದ ಕೃಷ್ಣನ ಹಾಡಿದೆ. ಮಲಯಾಳಿ ಮನೆಗಳಲ್ಲಿ ಇಂದಿಗೂ ಅದು ಭಕ್ತಿಗೀತೆಯೇ. ಇವೆರಡನ್ನೂ ಬರೆದ ಕೈಯೇ 1972ರ ‘ಅಚ್ಛನುಂ ಬಾಪ್ಪಯುಂ’ ಚಿತ್ರದಲ್ಲಿ, ಮತಗಳನ್ನು ಹುಟ್ಟಿಸಿದವನು ಮನುಷ್ಯನೇ ಎಂದು ನೇರವಾಗಿ ಹಾಡಿತು. ಆ ಹಾಡು ವಯಲಾರ್‌ಗೆ ಗೀತರಚನೆಯ ರಾಷ್ಟ್ರಪ್ರಶಸ್ತಿಯನ್ನೂ ಯೇಸುದಾಸ್‌ಗೆ ಗಾಯನದ ರಾಷ್ಟ್ರಪ್ರಶಸ್ತಿಯನ್ನೂ ತಂದಿತು. ಮೂರಕ್ಕೂ ಸ್ವರ ಹಾಕಿದ ದೇವರಾಜನ್ ಬಹಿರಂಗ ನಾಸ್ತಿಕರು! ಇದನ್ನು ಕೇಳಿ ಕೆಲವರು ಕವಿ ಇಬ್ಬಂದಿ ಎನ್ನುತ್ತಾರೆ, ಕೆಲವರು ಒಳಗೊಳಗೇ ಭಕ್ತನಿದ್ದ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಎರಡೂ ಬೇಡ. ಯಕ್ಷಗಾನದ ಪ್ರಸಂಗಕರ್ತ ರಾವಣನಿಗೂ ಪದ ಬರೆಯುತ್ತಾನೆ, ಸೀತೆಗೂ ಬರೆಯುತ್ತಾನೆ. ಸಿನಿಮಾದ ಹಾಡು ಪಾತ್ರದ ಮಾತು. ಪಾತ್ರ ದೇವರ ಮುಂದೆ ನಿಂತಿದ್ದರೆ ಆ ನಿಲುವು ಪ್ರಾಮಾಣಿಕವಾಗಿ ಕೇಳಿಸಬೇಕು, ಕವಿಯ ಪಕ್ಷ ಯಾವುದೆಂಬುದು ಅಲ್ಲಿ ಅಪ್ರಸ್ತುತ. ಕವಿಯ ಸ್ವಂತ ನಿಲುವು ಬೇಕಿದ್ದವರು ‘ಸರ್ಗಸಂಗೀತಂ’ ತೆರೆಯಲಿ.

ಹೊಗಳಿಕೆಯೇ ಆಯಿತು, ದೋಷವನ್ನೂ ಹೇಳಬೇಕು. ಎಪ್ಪತ್ತರ ದಶಕಕ್ಕೆ ಬರುವಾಗ ವಯಲಾರ್ ಕೈಯಲ್ಲಿ ಹಾಡುಗಳ ರಾಶಿ. ಎಲ್ಲ ಕೂಡಿಸಿದರೆ ಸಾವಿರದ ಆಚೆಗೆ ಹೋಗುತ್ತವೆ. ಅವಸರದಲ್ಲಿ ಗಂಧರ್ವರು, ಅಪ್ಸರೆಯರು, ಶಿಲಾಬಾಲಿಕೆಯರು ಮತ್ತೆ ಮತ್ತೆ ಬರುತ್ತಾರೆ. ಹೆಣ್ಣು ಹೆಣ್ಣಾಗಿರುವುದಕ್ಕಿಂತ ಶಿಲ್ಪವಾಗಿಯೇ ಹೆಚ್ಚು ಸಲ ನಿಲ್ಲುತ್ತಾಳೆ. ಪಿ. ಭಾಸ್ಕರನ್ ಅವರ ಮನೆಮಾತಿನ ಹಾಡುಗಳ ಪಕ್ಕದಲ್ಲಿಟ್ಟು ಕೇಳಿದರೆ ಇದು ಭಾರವೆನಿಸುತ್ತದೆ. ಆದರೂ ಅವರ ಸಾಧಾರಣ ಹಾಡನ್ನೂ ಮಟ್ಟು ಬಿಟ್ಟು ಬರೀ ಓದಿ ನೋಡಬಹುದು, ಲಯ ಸಾಲಿನಲ್ಲೇ ಉಳಿದಿರುತ್ತದೆ. ಗೀತೆಯೊಂದು ಕವಿತೆಯೋ ಅಲ್ಲವೋ ಎಂದು ಜಗಳವಾದಾಗ ನಾನು ಬಳಸುವ ಒರೆಗಲ್ಲು ಇದೊಂದೇ.

1969ರಲ್ಲಿ ಕೇರಳ ಸರ್ಕಾರ ಚಲನಚಿತ್ರ ಪ್ರಶಸ್ತಿಗಳನ್ನು ಶುರುಮಾಡಿದಾಗ ಮೊದಲ ಗೀತರಚನಕಾರ ಪ್ರಶಸ್ತಿ ಇವರಿಗೇ ಬಂತು. ಇವರ ಹೆಸರಿನ ವಯಲಾರ್ ಪ್ರಶಸ್ತಿ 1977ರಿಂದ ನಡೆದು ಬಂದಿದೆ. ಮೊದಲ ಸಲ ಅದು ಸಂದದ್ದು ಲಲಿತಾಂಬಿಕಾ ಅಂತರ್ಜನಂ ಅವರ ‘ಅಗ್ನಿಸಾಕ್ಷಿ’ ಕಾದಂಬರಿಗೆ. ಮಗ ಶರತ್‌ಚಂದ್ರ ವರ್ಮ ಕೂಡ ಗೀತರಚನಕಾರರು.

ಇನ್ನುಳಿದದ್ದು ಒಂದು ಕೋರಿಕೆ. ಕಾಕಳಿ, ಕೇಕ, ಮಂಜರಿ ಎಂಬ ಮಲಯಾಳಂ ವೃತ್ತಗಳನ್ನು ನಮ್ಮ ರಗಳೆ, ಷಟ್ಪದಿಗಳ ಜೊತೆಗಿಟ್ಟು, ಅವು ಸಿನಿಮಾ ಹಾಡಿನೊಳಗೆ ಹೇಗೆ ಕರಗಿದವೆಂದು ನೋಡುವ ಕೆಲಸಕ್ಕೆ ಕನ್ನಡದ ಹುಡುಗ ಹುಡುಗಿಯರು ಕೈಹಾಕಬೇಕು. ಕಾಸರಗೋಡಿನ ಕನ್ನಡಿಗರಿಗೆ ಎರಡೂ ಭಾಷೆ ನಾಲಿಗೆಯ ಮೇಲಿದೆ, ಮೊದಲ ಹೆಜ್ಜೆ ಅವರಿಂದಲೇ ಬರಲಿ. ಉಳಿದವರು ಮಲಯಾಳಂ ಅಕ್ಷರ ಕಲಿಯಿರಿ. ವಯಲಾರ್ ಪುಟದಲ್ಲಿ ಸಂಸ್ಕೃತದ ಪದಗಳು ಧಾರಾಳವಾಗಿರುವುದರಿಂದ ನಿಮಗೆ ದಾರಿ ಅಷ್ಟು ಕಷ್ಟವಾಗದು. ಶುರು ಮಾಡುವುದಾದರೆ ‘ಚೆಮ್ಮೀನ್’ ಹಾಡುಗಳನ್ನು ಕೇಳಿ, ಆಮೇಲೆ ‘ಆಯಿಷಾ’ವನ್ನು ಗಟ್ಟಿಯಾಗಿ ಓದಿ.