ನೈನ್ ಕೊಡಲಾ, ಟೆನ್ ಕೊಡಲಾ? ಎಲೆಕ್ಟ್ರಿಕ್ ಗಿಟಾರಿಗೆ ತಂತಿ ಆರಿಸುವ ಬಗೆ

ಎಲೆಕ್ಟ್ರಿಕ್ ಗಿಟಾರಿನ ತಂತಿ ಕೊಳ್ಳಲು ಹೋದರೆ ಅಂಗಡಿಯವರು ಮೊದಲು ಕೇಳುವ ಪ್ರಶ್ನೆ, "ನೈನ್ ಕೊಡಲಾ, ಟೆನ್ ಕೊಡಲಾ?" ಎಂಬುದು. ಉತ್ತರ ಗೊತ್ತಿಲ್ಲದವರು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮಾಡುತ್ತಾರೆ. ಅಂಗಡಿಯವರು ಕೊಟ್ಟದ್ದನ್ನು ತರುತ್ತಾರೆ, ಇಲ್ಲವೇ ತಮಗಿಷ್ಟವಾದ ಕಲಾವಿದ ಬಳಸುವ ನಂಬರನ್ನೇ ಕೇಳಿ ತರುತ್ತಾರೆ. ನಮ್ಮ ಕಾಲೇಜಿನಲ್ಲಿ ಗಿಟಾರ್ ನುಡಿಸುವವರು ಕೆಲವರಿದ್ದಾರೆ, ಕಲಿಯಬೇಕು ಎನ್ನುವವರು ಇನ್ನೂ ಹೆಚ್ಚಿದ್ದಾರೆ. ಅವರಿಗಾಗಿ ಈ ನಂಬರಿನ ಅರ್ಥವೇನು, ಅದನ್ನು ಹೇಗೆ ಆರಿಸಬೇಕು ಎಂದು ನನಗೆ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಆದ್ದರಿಂದ ಇಲ್ಲಿರುವ ಲೆಕ್ಕ ಬೇಸಿಕ್ ಮ್ಯಾಥ್ಸ್‌ನ ಅನುಪಾತ ಮತ್ತು ಶೇಕಡಾವಾರನ್ನು ದಾಟಿ ಹೋಗುವುದಿಲ್ಲ.

ನಂಬರಿನ ಅರ್ಥ

ಗಿಟಾರ್ ತಂತಿಯ ನಂಬರನ್ನು ಗೇಜ್ ಎನ್ನುತ್ತಾರೆ. ಅದು ತಂತಿಯ ವ್ಯಾಸ. ಒಂದು ಇಂಚನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಒಂಬತ್ತು ಭಾಗ ದಪ್ಪ ಇರುವ ತಂತಿ 9, ಹತ್ತು ಭಾಗ ಇರುವುದು 10. ಮಿಲಿಮೀಟರಿನಲ್ಲಿ ಹೇಳಿದರೆ 9 ಎಂದರೆ ಸುಮಾರು 0.23, 10 ಎಂದರೆ ಸುಮಾರು 0.25. ನಂಬರ್ ಹೆಚ್ಚಾದಂತೆ ತಂತಿ ದಪ್ಪವಾಗುತ್ತದೆ. ಮೋಟಾರ್ ವೈಂಡಿಂಗ್ ಅಂಗಡಿಯ ಲೆಕ್ಕ ಗೊತ್ತಿರುವವರು ಇಲ್ಲಿ ಸ್ವಲ್ಪ ಎಚ್ಚರದಿಂದಿರಬೇಕು. ಅಲ್ಲಿನ ಎಸ್‌ಡಬ್ಲ್ಯುಜಿ ಅಳತೆಯಲ್ಲಿ ನಂಬರ್ ಹೆಚ್ಚಾದಂತೆ ತಂತಿ ತೆಳುವಾಗುತ್ತದೆ. ಗಿಟಾರಿನಲ್ಲಿ ಅದು ಉಲ್ಟಾ.

ಅಂಗಡಿಯಲ್ಲಿ "ನೈನ್" ಎಂದರೆ ಅದು ಆರೂ ತಂತಿಗಳ ಒಂದು ಸೆಟ್ಟಿನ ಹೆಸರು. ಅದರಲ್ಲಿ ಅತಿ ತೆಳುವಾದ ಮೊದಲ ತಂತಿ 9, ಅತಿ ದಪ್ಪವಾದ ಆರನೇ ತಂತಿ 42. ಪ್ಯಾಕೆಟ್ಟಿನ ಮೇಲೆ 9-42 ಎಂದು ಬರೆದಿರುತ್ತದೆ. "ಟೆನ್" ಸೆಟ್ ಸಾಮಾನ್ಯವಾಗಿ 10-46. ಇವೆರಡೂ ಎಲ್ಲ ಕಡೆ ಸಿಗುತ್ತವೆ. ಇವಕ್ಕಿಂತ ತೆಳುವಾದ 8ರ ಸೆಟ್ಟೂ ಇದೆ, ದಪ್ಪವಾದ 11 ಮತ್ತು 12ರ ಸೆಟ್ಟುಗಳೂ ಇವೆ.

ಕೂದಲೆಳೆಯ ವ್ಯತ್ಯಾಸ, ಆದರೆ ಸಣ್ಣದಲ್ಲ

9 ಮತ್ತು 10ರ ನಡುವಿನ ವ್ಯತ್ಯಾಸ 0.025 ಮಿಲಿಮೀಟರ್. ಅದು ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಇಷ್ಟಕ್ಕೆ ಇಷ್ಟು ಯೋಚನೆ ಯಾಕೆ ಎಂದು ಕೇಳಬಹುದು. ಕಾರಣ ಪ್ರಥಮ ಪಿಯುಸಿ ಭೌತಶಾಸ್ತ್ರದ ತರಂಗಗಳ ಪಾಠದಲ್ಲಿದೆ. ವಿಜ್ಞಾನ ವಿಭಾಗದ ಸ್ನೇಹಿತರನ್ನು ಕೇಳಿದರೆ ಸೂತ್ರ ಬರೆದೇ ತೋರಿಸುತ್ತಾರೆ. ಅದರ ಸಾರಾಂಶ ಇಷ್ಟು: ಎರಡು ತಂತಿಗಳು ಒಂದೇ ಉದ್ದವಿದ್ದು ಒಂದೇ ಸ್ವರ ಕೊಡಬೇಕಾದರೆ, ಭಾರವಾದ ತಂತಿಯನ್ನು ಹೆಚ್ಚು ಬಿಗಿಯಾಗಿ ಎಳೆಯಬೇಕು. ತಂತಿಯ ಭಾರ ವ್ಯಾಸದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವ್ಯಾಸ ಎರಡರಷ್ಟಾದರೆ ಭಾರ ನಾಲ್ಕರಷ್ಟು, ಬೇಕಾಗುವ ಎಳೆತವೂ ನಾಲ್ಕರಷ್ಟು.

ಈಗ 9ರ ಬದಲು 10 ಹಾಕಿದರೆ ಎಷ್ಟು? 9ರ ವರ್ಗ 81, 10ರ ವರ್ಗ 100. ಅಂದರೆ ನಂಬರ್ ಏರಿದ್ದು ಶೇಕಡಾ 11, ಎಳೆತ ಏರಿದ್ದು ಶೇಕಡಾ 23. 9ರಿಂದ 12ಕ್ಕೆ ಹಾರಿದರೆ 81ರಿಂದ 144, ಅಂದರೆ ಶೇಕಡಾ 78 ಹೆಚ್ಚು. 25.5 ಇಂಚು ಉದ್ದದ ಗಿಟಾರಿನಲ್ಲಿ ಮೊದಲ ತಂತಿಯನ್ನು ಸಾಮಾನ್ಯ ಶ್ರುತಿಗೆ ತಂದಾಗ ಅದರ ಮೇಲಿರುವ ಎಳೆತ ಎಷ್ಟು ತೂಕ ನೇತುಹಾಕಿದಂತೆ ಎಂದು ಲೆಕ್ಕ ಹಾಕಿದರೆ ಹೀಗೆ ಬರುತ್ತದೆ:

8 – ಸುಮಾರು 4.7 ಕೆ.ಜಿ.
9 – ಸುಮಾರು 6 ಕೆ.ಜಿ.
10 – ಸುಮಾರು 7.4 ಕೆ.ಜಿ.
11 – ಸುಮಾರು 8.9 ಕೆ.ಜಿ.
12 – ಸುಮಾರು 10.6 ಕೆ.ಜಿ.

ಇದು ಒಂದು ತಂತಿಯ ಲೆಕ್ಕ. ಆರೂ ಸೇರಿದರೆ 9ರ ಸೆಟ್ಟಿನ ಎಳೆತ 38 ಕೆ.ಜಿ. ಆಸುಪಾಸಿನಲ್ಲಿರುತ್ತದೆ. ಎಂದರೆ 25 ಕೆ.ಜಿ.ಯ ಒಂದೂವರೆ ಅಕ್ಕಿ ಮೂಟೆ. 10ರ ಸೆಟ್ಟು ಒಂದು ಸಿಮೆಂಟ್ ಚೀಲಕ್ಕೆ ಸ್ವಲ್ಪ ಕಡಿಮೆ. 11ರದ್ದು ಸಿಮೆಂಟ್ ಚೀಲವನ್ನೂ ಮೀರುತ್ತದೆ. ಗಿಟಾರಿನ ತೆಳು ಮರದ ನೆಕ್ ಹಗಲೂ ರಾತ್ರಿ ಈ ಭಾರ ಹೊತ್ತು ನಿಂತಿರುತ್ತದೆ.

ಈ ಲೆಕ್ಕ ಬೆರಳಿಗೆ ಏನು ಮಾಡುತ್ತದೆ ಎಂಬುದನ್ನು ನನ್ನ ಸ್ನೇಹಿತನೊಬ್ಬನಲ್ಲಿ ನೋಡಿದ್ದೇನೆ. ಅವನು ರಜೆಯಲ್ಲಿ ಕೆಲಸ ಮಾಡಿ ಕೂಡಿಸಿದ ಹಣದಲ್ಲಿ ಹಳೆಯ ಗಿಟಾರ್ ಕೊಂಡ. ದಪ್ಪ ತಂತಿ ಬೇಗ ಹರಿಯುವುದಿಲ್ಲ ಎಂದು ಹೇಳಿ ಒಂದು ಅಂಗಡಿಯಲ್ಲಿ ಅದಕ್ಕೆ 12ರ ಸೆಟ್ ಹಾಕಿ ಕೊಟ್ಟರು. ಮೂರು ವಾರದಲ್ಲಿ ಬೆರಳ ತುದಿಗಳು ಬೊಬ್ಬೆ ಬಂದು ಸುಲಿದವು, ಒಂದು ಕಾರ್ಡೂ ಸರಿಯಾಗಿ ಮೊಳಗಲಿಲ್ಲ. "ನನ್ನ ಕೈಗೆ ಇದು ಆಗಿಬರಲ್ಲ ಬಿಡೋ" ಎಂದು ಗಿಟಾರನ್ನು ಬೀರುವಿನ ಮೇಲಿಟ್ಟ. ಎರಡು ತಿಂಗಳ ನಂತರ ಅದಕ್ಕೆ 9ರ ಸೆಟ್ ಹಾಕಿಸಿದೆವು. ಕೈ ಅದೇ, ಗಿಟಾರೂ ಅದೇ. ಆ ವಾರವೇ ಅವನ ಎಫ್ ಕಾರ್ಡ್ ಮೊಳಗಿತು. ಪ್ರತಿಭೆ ಇಲ್ಲ ಎಂದುಕೊಂಡು ಬಿಟ್ಟುಬಿಡುವವರಲ್ಲಿ ಎಷ್ಟು ಜನ ತಂತಿಯ ನಂಬರಿನಿಂದ ಬಿಟ್ಟಿರಬಹುದು ಎಂದು ಆಗ ಅನ್ನಿಸಿತು.

ದಪ್ಪ ತಂತಿ ಎಂದರೆ ಗಟ್ಟಿ ಸಂಗೀತವೇ?

"ಒಳ್ಳೆಯ ವಾದಕರು ದಪ್ಪ ತಂತಿಯನ್ನೇ ಹಾಕುತ್ತಾರೆ" ಎಂಬ ಮಾತು ಹುಡುಗರಲ್ಲಿ ಓಡಾಡುತ್ತದೆ. ಇದಕ್ಕೆ ಅಮೆರಿಕದ ಸ್ಟೀವಿ ರೇ ವಾನ್ ಅವರನ್ನು ಉದಾಹರಣೆ ಕೊಡುತ್ತಾರೆ. ಅವರು 13ರ ಮೊದಲ ತಂತಿ ಬಳಸುತ್ತಿದ್ದದ್ದು ನಿಜ. ಆದರೆ ಅವರು ಗಿಟಾರನ್ನು ಅರ್ಧ ಸ್ವರ ಇಳಿಸಿ ಶ್ರುತಿ ಮಾಡುತ್ತಿದ್ದರು ಎಂಬುದನ್ನು ಹೇಳುವುದಿಲ್ಲ. ಅರ್ಧ ಸ್ವರ ಇಳಿಸಿದರೆ ಎಳೆತ ಸುಮಾರು ಶೇಕಡಾ 11 ಕಡಿಮೆಯಾಗುತ್ತದೆ. ಹಾಗೆ ಕಡಿಮೆಯಾದ ಮೇಲೂ ಅದು ಬಹಳ ಗಟ್ಟಿಯಾದ ತಂತಿಯೇ. ಅದಕ್ಕೆ ತಕ್ಕ ಕೈ ಅವರಿಗಿತ್ತು.

ಇನ್ನೊಂದು ಕಡೆ ಜೆಡ್‌ಜೆಡ್ ಟಾಪ್ ತಂಡದ ಬಿಲ್ಲಿ ಗಿಬ್ಬನ್ಸ್ ಇದ್ದಾರೆ. ಅವರ ಮೊದಲ ತಂತಿ 7. ಆದರೂ ಅವರ ಗಿಟಾರಿನ ಸದ್ದನ್ನು ಯಾರೂ ತೆಳು ಎನ್ನುವುದಿಲ್ಲ.

ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಬ್ಲ್ಯಾಕ್ ಸಬ್ಬತ್ ತಂಡದ ಟೋನಿ ಅಯೋಮಿ ಅವರ ಕಥೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ತಗಡಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದಾಗ ಅವರ ಬಲಗೈಯ ಎರಡು ಬೆರಳುಗಳ ತುದಿ ಯಂತ್ರಕ್ಕೆ ಸಿಕ್ಕಿ ಕತ್ತರಿಸಿಹೋದವು. ಆಗ ಅವರಿಗೆ 17 ವರ್ಷ, ಈಗ ನನ್ನ ವಯಸ್ಸು. ಅವರು ಎಡಗೈ ವಾದಕರಾದ್ದರಿಂದ ತಂತಿ ಒತ್ತಬೇಕಾದದ್ದು ಅದೇ ಬಲಗೈಯಿಂದ. ಅವರು ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು. ತೆಳುವಾದ ಸೆಟ್ ಸುಲಭವಾಗಿ ಸಿಗದ ಕಾಲದಲ್ಲಿ ಬ್ಯಾಂಜೋ ವಾದ್ಯದ ತಂತಿಗಳನ್ನು ಗಿಟಾರಿಗೆ ಹಾಕಿಕೊಂಡರು. ಮುಂದೆ ಶ್ರುತಿಯನ್ನೂ ಒಂದೂವರೆ ಸ್ವರದಷ್ಟು ಇಳಿಸಿದರು. ಅದರಿಂದ ಎಳೆತ ಸುಮಾರು ಶೇಕಡಾ 29 ಕಡಿಮೆಯಾಗುತ್ತದೆ. ಹೆವಿ ಮೆಟಲ್ ಎಂಬ ಸಂಗೀತಕ್ಕೆ ಬುನಾದಿ ಹಾಕಿದವರಲ್ಲಿ ಅವರನ್ನು ಮೊದಲಿಗರು ಎನ್ನುತ್ತಾರೆ. ಅಷ್ಟು ಭಾರದ ಸದ್ದು ಬಂದದ್ದು ತೆಳು ತಂತಿಗಳಿಂದ.

ತೆಳುವಾದ ಸೆಟ್ಟುಗಳು ಮಾರುಕಟ್ಟೆಗೆ ಬಂದದ್ದೂ ಕಲಿಯುವವರ ಕಾರಣದಿಂದಲೇ. 1960ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗಿಟಾರ್ ಅಂಗಡಿ ನಡೆಸುತ್ತಿದ್ದ ಅರ್ನಿ ಬಾಲ್, ಅಂದಿನ ಸೆಟ್ಟಿನ ದಪ್ಪನೆಯ ಮೂರನೇ ತಂತಿಯನ್ನು ಒತ್ತಲು ಹೊಸ ವಿದ್ಯಾರ್ಥಿಗಳು ಒದ್ದಾಡುವುದನ್ನು ಗಮನಿಸಿದರು. ತೆಳುವಾದ ತಂತಿಗಳ ಸೆಟ್ಟನ್ನು ತಾವೇ ಹೊರತಂದರು. ಇವತ್ತು ಅಂಗಡಿಯಲ್ಲಿ ನೇತಾಡುವ ಸ್ಲಿಂಕಿ ಪ್ಯಾಕೆಟ್ಟುಗಳ ಮೂಲ ಅದು. ಬೇಡಿಕೆಯನ್ನು ಗ್ರಾಹಕನ ಕೈ ನೋಡಿ ಅರಿತದ್ದಕ್ಕೆ ನಮ್ಮ ಬಿಸಿನೆಸ್ ಸ್ಟಡೀಸ್ ಪಾಠಕ್ಕೂ ಇದು ಒಳ್ಳೆಯ ಉದಾಹರಣೆ.

ದಪ್ಪ ತಂತಿಯ ಕೆಲಸವೇ ಬೇರೆ

ಹಾಗೆಂದು ದಪ್ಪ ತಂತಿ ಕೆಟ್ಟದ್ದಲ್ಲ. ಜೋರಾಗಿ ಬಾರಿಸಿದರೂ ಅದು ಕಡಿಮೆ ಓಲಾಡುತ್ತದೆ. ತೆಳು ತಂತಿಯನ್ನು ಬೇಕಾದ್ದಕ್ಕಿಂತ ಗಟ್ಟಿಯಾಗಿ ಒತ್ತಿದರೆ ಸ್ವರ ಮೇಲಕ್ಕೆ ಜಾರುತ್ತದೆ. ದಪ್ಪ ತಂತಿಯಲ್ಲಿ ಆ ಕಾಟ ಕಡಿಮೆ. ಶ್ರುತಿಯನ್ನು ಬಹಳ ಇಳಿಸಿ ನುಡಿಸುವವರಿಗಂತೂ ದಪ್ಪ ತಂತಿ ಬೇಕೇ ಬೇಕು. ತೆಳು ತಂತಿಯನ್ನು ಅಷ್ಟು ಇಳಿಸಿದರೆ ಬಟ್ಟೆ ಒಣಹಾಕುವ ಹಗ್ಗದಂತೆ ಸಡಿಲವಾಗಿ ಫ್ರೆಟ್ಟಿಗೆ ಬಡಿಯುತ್ತದೆ.

ಈ ತತ್ವ ನಮ್ಮ ನಾಡಿನ ವಾದ್ಯಗಳಿಗೂ ಹೊಸದಲ್ಲ. ಮನೆಯಲ್ಲಿ ನಾವು ತಂತಿಗೆ ‘ತಾರ್’ ಎನ್ನುತ್ತೇವೆ. ಸಿತಾರ್ ಎಂಬ ಹೆಸರಿನಲ್ಲಿರುವುದೂ ಅದೇ ತಾರ್. ಧಾರವಾಡದ ಸಿತಾರ್ ಪರಂಪರೆಯ ಮೂಲಪುರುಷ ರಹಿಮತ್ ಖಾನ್ ಅವರು ಸಿತಾರಿಗೆ ಖರಜ್ ತಂತಿ ಅಳವಡಿಸಿ ಕೆಳಗಿನ ಸಪ್ತಕವನ್ನು ತಂದರು ಎಂದು ಆ ಪರಂಪರೆಯವರು ಹೇಳುತ್ತಾರೆ. ಕೆಳಗಿನ ಸ್ವರ ಬೇಕಾದರೆ ದಪ್ಪ ತಂತಿ ಬೇಕು. ವಾದ್ಯ ಯಾವುದಾದರೂ ನಿಯಮ ಒಂದೇ.

ಹಾಗಾದರೆ ಹೇಗೆ ಆರಿಸುವುದು?

ಮೊದಲು ಗಿಟಾರಿನ ಉದ್ದ ನೋಡಿ. ಮೇಲಿನ ನಟ್‌ನಿಂದ 12ನೇ ಫ್ರೆಟ್ಟಿನವರೆಗೆ ಟೇಪಿನಲ್ಲಿ ಅಳೆದು ಎರಡರಿಂದ ಗುಣಿಸಿದರೆ ಸ್ಕೇಲ್ ಉದ್ದ ಸಿಗುತ್ತದೆ. ಸ್ಟ್ರಾಟೋಕ್ಯಾಸ್ಟರ್ ಮಾದರಿಯವು 25.5 ಇಂಚು, ಲೆಸ್ ಪಾಲ್ ಮಾದರಿಯವು 24.75 ಇಂಚಿನ ಆಸುಪಾಸು. ಮುಕ್ಕಾಲು ಇಂಚು ಕಡಿಮೆಯಾದರೆ ಎಳೆತ ಸುಮಾರು ಶೇಕಡಾ 6 ಇಳಿಯುತ್ತದೆ. ಆದ್ದರಿಂದ ಉದ್ದದ ಗಿಟಾರಿನಲ್ಲಿ ಕಲಿಯುವವರಿಗೆ 9, ಗಿಡ್ಡ ಗಿಟಾರಿಗೆ 9 ಅಥವಾ 10 ಒಳ್ಳೆಯ ಆರಂಭ.

ಎರಡನೆಯದು ನೀವು ನುಡಿಸುವ ಬಗೆ. ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸುವ ಬೆಂಡ್ ಹೆಚ್ಚಿದ್ದರೆ ತೆಳುವಾದದ್ದು ಹಿತ. ಬರೀ ಕಾರ್ಡ್ ಬಾರಿಸುವುದು, ಅದೂ ಜೋರಾಗಿ ಎಂದರೆ 10. ಶ್ರುತಿ ಒಂದು ಸ್ವರ ಇಳಿಸಿಯೇ ಇಡುತ್ತೀರಾದರೆ 10 ಅಥವಾ 11.

ಮೂರನೆಯದು ನಿಮ್ಮ ಕೈ. ಮೊದಲ ಕೆಲವು ವಾರ ಬೆರಳ ತುದಿ ಉರಿಯುವುದು ಸಹಜ, ಚರ್ಮ ಗಟ್ಟಿಯಾಗುತ್ತದೆ. ಆದರೆ ಮಣಿಕಟ್ಟು, ಹೆಬ್ಬೆರಳ ಬುಡ ನೋಯುತ್ತಿದ್ದರೆ ಛಲ ಮಾಡಬೇಡಿ. ಒಂದು ನಂಬರ್ ಇಳಿಸಿ.

ತಂತಿಯನ್ನು ದೂರುವ ಮೊದಲು ಅದರ ಎತ್ತರವನ್ನೂ ನೋಡಿ. ಜಾಮಿಟ್ರಿ ಬಾಕ್ಸಿನ ಸ್ಕೇಲ್ ಇಟ್ಟು 12ನೇ ಫ್ರೆಟ್ಟಿನ ಮೇಲೆ ಅಳೆದರೆ ಒಂದೂವರೆಯಿಂದ ಎರಡು ಮಿಲಿಮೀಟರ್ ಇರಬೇಕು. ನಾಲ್ಕಿದ್ದರೆ 8 ಹಾಕಿದರೂ ನೋಯುತ್ತದೆ.

ಪ್ಯಾಕೆಟ್ಟಿನ ಮೇಲೆ ಎಲೆಕ್ಟ್ರಿಕ್ ಎಂದು ಬರೆದಿರುವುದನ್ನೂ ಖಚಿತ ಮಾಡಿಕೊಳ್ಳಿ. ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ಅಯಸ್ಕಾಂತದಿಂದ ಕೆಲಸ ಮಾಡುತ್ತದೆ. ಅದಕ್ಕೆ ಉಕ್ಕು, ನಿಕ್ಕಲ್ ತಂತಿ ಬೇಕು. ಅಕೂಸ್ಟಿಕ್ ಗಿಟಾರಿನ ಕಂಚು ಸುತ್ತಿದ ತಂತಿ ಹಾಕಿದರೆ ಸದ್ದು ಏರುಪೇರಾಗುತ್ತದೆ. ನೈಲಾನ್ ತಂತಿ ಪಿಕಪ್ಪಿಗೆ ಕೇಳಿಸುವುದೇ ಇಲ್ಲ.

ನಂಬರ್ ಬದಲಿಸಿದ ಮೇಲೆ

ನಂಬರ್ ಬದಲಾದರೆ ನೆಕ್ಕಿನ ಮೇಲಿನ ಭಾರ ಬದಲಾಗುತ್ತದೆ, ನೆಕ್ ಸ್ವಲ್ಪ ಬಾಗಬಹುದು ಅಥವಾ ಹಿಂದಕ್ಕೆ ಹೋಗಬಹುದು. ಅದನ್ನು ಒಳಗಿರುವ ಟ್ರಸ್ ರಾಡ್ ತಿರುಗಿಸಿ ಸರಿಮಾಡುತ್ತಾರೆ. ಗೊತ್ತಿಲ್ಲದವರು ಅದಕ್ಕೆ ಕೈ ಹಾಕದೆ ರಿಪೇರಿ ಬಲ್ಲವರಿಗೆ ಕೊಡುವುದು ಕ್ಷೇಮ. ಸ್ಪ್ರಿಂಗ್ ಇರುವ ಟ್ರೆಮೊಲೊ ಬ್ರಿಡ್ಜ್ ಇದ್ದರೆ ಸ್ಪ್ರಿಂಗ್‌ಗಳ ಬಿಗಿಯನ್ನೂ ಹೊಂದಿಸಬೇಕು. ಅಂಥ ಗಿಟಾರಿನಲ್ಲಿ ಹಳೆಯ ತಂತಿಗಳನ್ನು ಒಟ್ಟಿಗೆ ಬಿಚ್ಚದೆ ಒಂದೊಂದಾಗಿ ಬದಲಿಸಿ. ಇಷ್ಟೆಲ್ಲ ಇರುವುದರಿಂದ ಪ್ರತಿ ಸಲ ನಂಬರ್ ಬದಲಿಸುತ್ತಾ ಹೋಗಬೇಡಿ. ಒಂದು ಸೆಟ್ಟನ್ನು ಎರಡು ಮೂರು ತಿಂಗಳಾದರೂ ನುಡಿಸಿ ನೋಡಿ, ಆಮೇಲೆ ಒಂದು ನಂಬರ್ ಮಾತ್ರ ಮೇಲೆ ಅಥವಾ ಕೆಳಗೆ ಹೋಗಿ.

ಈಗ ನಿಮ್ಮ ಗಿಟಾರಿನಲ್ಲಿರುವುದು ಯಾವ ನಂಬರ್ ಎಂದೇ ಗೊತ್ತಿಲ್ಲವೇ? ಅದಕ್ಕೂ ದಾರಿಯಿದೆ. ಹಳೆಯ ಮೊದಲ ತಂತಿಯ ಒಂದು ತುಂಡು ತನ್ನಿ. ಉಪನ್ಯಾಸಕರ ಅನುಮತಿ ಕೇಳಿ ಭೌತಶಾಸ್ತ್ರ ಲ್ಯಾಬಿನ ಸ್ಕ್ರೂ ಗೇಜ್‌ನಲ್ಲಿ ಅಳೆಯಿರಿ. 0.23 ಬಂದರೆ 9, 0.25 ಬಂದರೆ 10, 0.28 ಬಂದರೆ 11, 0.30 ಬಂದರೆ 12. ವಾಣಿಜ್ಯ ವಿಭಾಗದವರಿಗೆ ಅಳೆಯಲು ಬಾರದಿದ್ದರೆ ವಿಜ್ಞಾನ ವಿಭಾಗದವರು ಕಲಿಸಿಕೊಡುತ್ತಾರೆ, ನನಗೂ ಅವರೇ ಕಲಿಸಿದ್ದು.